ಹಾಗೆ ಅಂದರೆ ಹೇಗೆ

"ಇಕ್ಕು ಅಂದ್ರೆ ಏನೋ?"

ಅವನ ಬಾಯಿ ತುಂಬ ನೊರೆಯಿತ್ತು. ಬ್ರಷ್ಷು ದವಡೆಯ ಮೂಲೆಯಲ್ಲಿತ್ತು. ಬಚ್ಚಲಿನ ಬಾಗಿಲಿಗೆ ಒರಗಿ ನಿಂತು ಅಮ್ಮ ಕೇಳುತ್ತಿದ್ದಳು. ಮಂಡಿನೋವಿನವಳು ಬೆಳಗಾಗೆದ್ದು ಅಷ್ಟು ದೂರ ನಡೆದು ಬಂದಿದ್ದಾಳೆಂದರೆ ವಿಷಯ ರಾತ್ರಿಯೆಲ್ಲ ಹೊಟ್ಟೆಯಲ್ಲಿ ಕುದ್ದಿರಬೇಕು.

ಅವನು ಉಗುಳಿದ. "ಇಕ್ಕು ಅಂದ್ರೆ ಬಡಿಸು. ಊಟ ಇಕ್ಕು ಅಂತಾರಲ್ಲ."

"ಅಷ್ಟೂ ಗೊತ್ತಿಲ್ವಾ ನಂಗೆ? ನಿನ್ನ ಹೆಂಡ್ತಿ ಬೇರೆ ಥರ ಅಂದ್ಲು. ನಿನ್ನೆ ಬಾಲ್ಕನೀಲಿ ನಿಂತ್ಕೊಂಡು ತಂಗಿ ಹತ್ರ ಫೋನಲ್ಲಿ ಮಾತಾಡ್ತಿದ್ಲು. ಅವರು ಹಾಗೆ ಮಾಡೋದು ನೋಡಿದ್ರೆ ಇಕ್ಕು ಬರುತ್ತೆ ಕಣೆ, ಅಂತ."

ಅವರು ಅಂದರೆ ಅವನೇ. ಈ ಮನೆಯಲ್ಲಿ ಇನ್ನೊಬ್ಬ 'ಅವರು' ಇರಲಿಲ್ಲ.

ಅಮ್ಮ ತನ್ನ ಮಟ್ಟಿಗೆ ಅರ್ಥ ಹುಡುಕಿ ಆಗಿತ್ತು. ಇಕ್ಕುವುದು ಅಂದರೆ ಬಾರಿಸುವುದೂ ಹೌದು, ಬೆನ್ನಿಗೆ ಎರಡು ಇಕ್ಕಿದರೆ ಸರಿಹೋಗ್ತಾನೆ ಎಂದು ಅವನ ಅಪ್ಪ ಅವನ ಬಗ್ಗೆಯೇ ಹೇಳುತ್ತಿದ್ದದ್ದುಂಟು. ಹಾಗಾಗಿ ಸೊಸೆಗೆ ಮಗನನ್ನು ಹೊಡೆಯುವ ಮನಸ್ಸಾಗಿದೆ ಎಂದು ಅವಳ ಅನುಮಾನ. ಬಡಿಸುವ ಇಕ್ಕಂತೂ ಇರಲಾರದು, ಸೊಸೆ ಯಾರಿಗಾದರೂ ಕೈಯಾರೆ ಇಕ್ಕಿದ್ದನ್ನು ತಾನು ಕಂಡೇ ಇಲ್ಲ ಎಂದು ಸೇರಿಸುವುದನ್ನು ಮರೆಯಲಿಲ್ಲ.

"ಅದು ಇಕ್ಕು ಅಲ್ಲಮ್ಮ, ಇಕ್. ಇಂಗ್ಲಿಷು."

"ಹಾಗಾದ್ರೆ ನಿಂಗೆ ಗೊತ್ತಿರ್ಲೇಬೇಕಲ್ಲ. ವಾರವಾರ ಅದನ್ನೇ ತಾನೆ ಬರೆಯೋದು ನೀನು."

"ನಗು ಅಂತ ಅರ್ಥ. ನೋಡಿದ್ರೆ ನಗು ಬರುತ್ತೆ ಅಂದಿದಾಳೆ ಅಷ್ಟೆ."

ಅಮ್ಮ ಅವನ ಮುಖವನ್ನೇ ನೋಡಿದಳು. "ನಗ್ತಾ ಇರ್ಲಿಲ್ಲಪ್ಪ ಅವಳು," ಎಂದಳು.

ಅವನು ಬಾಯಿಗೆ ನೀರು ಹಾಕಿಕೊಂಡು ಮುಕ್ಕಳಿಸಿದ. ದಿನವೂ ಮಾಡುವಂತೆ ಗಂಟಲಿನ ಆಳದಿಂದ ಕ್ಯಾಕರಿಸಿ ಎಳೆಯುವಾಗ ಅರ್ಧಕ್ಕೇ ಸದ್ದು ನಿಂತುಹೋಯಿತು. ಇದೇ ಇರಬಹುದೆ? ಬಾಯಲ್ಲಿದ್ದದ್ದನ್ನು ಉಗುಳಲೋ ನುಂಗಲೋ ತಿಳಿಯದೆ ಕನ್ನಡಿ ನೋಡಿದ. ಕೊನೆಗೆ ನುಂಗಿದ.

"ಹಾಗೆ ಅಂದ್ರೆ ಹೇಗಂತೆ? ನಾನು ಏನು ಮಾಡೋದು ನೋಡಿದ್ರೆ?"

"ಅದು ಕೇಳಿಸ್ಲಿಲ್ಲ. ನಲ್ಲಿ ಬಿಟ್ಟಿದ್ದೆ."

ಪದ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಂಡಿತನಾದವನ ಪಾಡು ಇದು, ಹಾಳಾದ್ದೊಂದನ್ನೂ ತಿಳಿಯದೆ ಸುಮ್ಮನಿರುವ ಸುಖ ಅವನಿಗಿಲ್ಲ. ಇಷ್ಟಪಟ್ಟು ಜೊತೆಗಿದ್ದ ಮನುಷ್ಯ ಒಂದು ದಿನ ಏನೋ ಒಂದು ಸಣ್ಣ ಚೇಷ್ಟೆ ಮಾಡುತ್ತಾನೆ. ಹಲ್ಲಿನ ಸಂದಿಯಿಂದ ಏನೋ ತೆಗೆಯುತ್ತಾನೆ, ಓಡುತ್ತಿರುವ ಬಸ್ಸಿನ ಹಿಂದೆ ಚೀಲ ಹಿಡಿದು ಕುಂಟುತ್ತ ಓಡುತ್ತಾನೆ. ಅಷ್ಟೇ. ನೋಡುತ್ತಿದ್ದವಳ ಹೊಟ್ಟೆ ತೊಳಸುತ್ತದೆ. ಅಲ್ಲಿಗೆ ಮುಗಿಯಿತು. ಈಗಿನ ಹುಡುಗ ಹುಡುಗಿಯರು ಇದನ್ನು ಇಕ್ ಅನ್ನುತ್ತಾರೆ. ತಪ್ಪು ಮಾಡಿದವನನ್ನು ಕ್ಷಮಿಸಬಹುದಂತೆ, ಇಕ್ ತರಿಸಿದವನನ್ನು ಕ್ಷಮಿಸಲು ಆಗುವುದಿಲ್ಲವಂತೆ, ಏಕೆಂದರೆ ಅವನು ತಪ್ಪೇನೂ ಮಾಡಿರುವುದಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬಿಳಿ ಕೋಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಾಗಿತ್ತು. ಅವನು ಕುರ್ಚಿ ಎಳೆದು ಕೂತು ಬ್ರೆಡ್ಡಿನ ತುಂಡೊಂದನ್ನು ಚಹಾದಲ್ಲಿ ಅದ್ದಿದ. ಅದ್ದಿದ ಮೇಲೆ ಹೊಳೆಯಿತು. ತುಂಡು ತೊಟ್ಟಿಕ್ಕುತ್ತಿತ್ತು. ಬಾಯಿಗಿಟ್ಟರೆ ಸೊರ್ ಎನ್ನುತ್ತದೆ, ಇಡದಿದ್ದರೆ ಕಳಚಿ ಲೋಟದೊಳಗೆ ಬೀಳುತ್ತದೆ. ಬಿದ್ದೇ ಬಿಟ್ಟಿತು.

"ಚಮಚ ಕೊಡ್ಲಾ?" ಎಂದಳು.

"ಬೇಡ."

"ಹೊತ್ತಾಯ್ತು ನಂಗೆ," ಎಂದು ಹೊರಟಳು. ಮಾತು ಎಂದಿನದೇ, ದನಿ ಎಂದಿನದೇ. ಅವಳು ಹೋದ ಮೇಲೆ ಲೋಟದ ತಳದಲ್ಲಿ ಉಬ್ಬಿ ಕೂತಿದ್ದ ಬ್ರೆಡ್ಡನ್ನು ಅವನು ಬಹಳ ಹೊತ್ತು ನೋಡಿದ. ಇಷ್ಟು ವರ್ಷ ಇದನ್ನು ಬೆರಳಿನಿಂದ ಬಾಚಿ ತಿಂದಿದ್ದೇನಲ್ಲ ಎಂದು ಅವನಿಗೇ ಅಸಹ್ಯವಾಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನ ಗಂಡಸೊಬ್ಬ ಕಿವಿಯೊಳಗೆ ಕಿರುಬೆರಳು ತಿರುಗಿಸಿ, ತೆಗೆದು, ಬಂದದ್ದನ್ನು ಶ್ರದ್ಧೆಯಿಂದ ಪರಿಶೀಲಿಸಿ, ಪ್ಯಾಂಟಿಗೆ ಒರೆಸಿಕೊಂಡ. ಅವನಿಗೂ ಒಬ್ಬಳು ಹೆಂಡತಿ ಇರಬೇಕು. ಬಸ್ಸಿನ ತುಂಬ ಕೆಮ್ಮು, ಆಕಳಿಕೆ, ತುರಿಕೆ. ಇಷ್ಟೊಂದು ಜನ ತಮ್ಮ ತಮ್ಮ ಮೈಯನ್ನು ಹೊತ್ತುಕೊಂಡು ನಾಚಿಕೆಯಿಲ್ಲದೆ ಕೂತಿದ್ದಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು, ಮೂಗು, ಬಾಯಿಯ ಕೊನೆ, ಅಂಗಿಯ ಕಂಕುಳು ಎಲ್ಲ ಮುಟ್ಟಿ ನೋಡಿಕೊಂಡ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಅವನು ಕೆಲಸ ಮಾಡುತ್ತಿದ್ದದ್ದು ವಾರಪತ್ರಿಕೆಯೊಂದರಲ್ಲಿ. ಭಾಷಾಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದವನು ಅಲ್ಲಿ 'ಬೀದಿಮಾತಿನ ಬೇರು' ಎಂಬ ಅಂಕಣ ಬರೆಯುತ್ತಿದ್ದ. ಇಂಗ್ಲಿಷಿನ ಪೋಲಿ ಮಾತು, ಬೀದಿಯ ಮಾತು, ಹುಡುಗರ ಮಾತು ಹಿಡಿದು ಅದರ ಅರ್ಥವೇನು, ಮೂಲವೇನು ಎಂದು ಹೇಳುವ ಕೆಲಸ. ಮೂಲ, ಮೂಲ ಎಂದು ಸದಾ ಬಡಕೊಳ್ಳುತ್ತಿದ್ದುದರಿಂದ ಪುಟ ಜೋಡಿಸುವವನು ಅವನಿಗೆ ಮೂಲವ್ಯಾಧಿ ಎಂದು ಹೆಸರಿಟ್ಟಿದ್ದ. ಹೆಸರು ಕಚೇರಿಗೆಲ್ಲ ಹಿಡಿಸಿತು. 'ಹೇಗಿದೆ ಮೂಲವ್ಯಾಧಿ, ಕೂರೋಕಾಗುತ್ತಾ?' ಎಂದು ದಿನಾ ಯಾರಾದರೊಬ್ಬರು ಕೇಳುತ್ತಿದ್ದರು. ಅವನೂ ದಿನಾ ನಗುತ್ತಿದ್ದ.

ಅಂಕಣದ ಗುಟ್ಟೊಂದಿತ್ತು. ನಿಜವಾದ ಮೂಲ ಬಹುತೇಕ ಸಪ್ಪೆ. ಸಿರಿವಂತರ ಠೀವಿಗೆ ಹೇಳುವ ಪಾಶ್ ಎನ್ನುವ ಮಾತು ಎಲ್ಲಿಂದ ಬಂತೆಂದು ಯಾರಿಗೂ ಖಚಿತವಿಲ್ಲ. ಯಾರಿಗೂ ಖಚಿತವಿಲ್ಲ ಎಂದು ಬರೆದರೆ ಒಂದು ಸಾಲಿಗೆ ಅಂಕಣ ಮುಗಿಯುತ್ತದೆ. ಅದಕ್ಕೆ ಅವನು ಹಡಗಿನ ಸಾಹುಕಾರರು ಬಿಸಿಲು ಬೀಳದ ಬದಿಯ ಕೋಣೆ ಹಿಡಿಯುತ್ತಿದ್ದರು, ಆ ಟಿಕೀಟಿನ ಮೇಲಿನ ನಾಲ್ಕು ಅಕ್ಷರವೇ ಪದವಾಯಿತು ಎಂಬ ಕಥೆ ಬರೆದ. ಆ ಕಥೆ ಸುಳ್ಳೆಂದು ಬಲ್ಲವರು ಎಂದೋ ಹೇಳಿಯಾಗಿದೆ. ಪೊಲೀಸಿನವನಿಗೆ ಕಾಪ್ ಎನ್ನುವುದಕ್ಕೆ ಅವನ ಅಂಗಿಯ ತಾಮ್ರದ, ಅಂದರೆ ಕಾಪರಿನ, ಗುಂಡಿಯ ಕಥೆ ಬರೆದ, ಹಿಡಿ ಎಂಬರ್ಥದ ಹಳೆಯ ಮಾತೊಂದರಿಂದ ಬಂದಿರಬೇಕೆಂದು ಗೊತ್ತಿದ್ದೂ. ಮೊದಮೊದಲು ಕೊನೆಯಲ್ಲಿ 'ಹೀಗೊಂದು ಪ್ರತೀತಿ' ಎಂದು ಸೇರಿಸುತ್ತಿದ್ದ. ಓದುಗರು ಹೊಗಳಿ ಹೊಗಳಿ ಅದನ್ನು ಬಿಡಿಸಿದರು. ಕಥೆ ಸಿಗದಿದ್ದ ವಾರ ತಾನೇ ಒಂದು ಹೊಸೆಯುವುದನ್ನೂ ಕಲಿತ.

ಮನೆಗೆ ಬಂದ ನೆಂಟರೆದುರು ಒಮ್ಮೆ ಆ ಹಡಗಿನ ಕಥೆ ಹೇಳುತ್ತಿದ್ದಾಗ, ಅವರ ಮಗಳು ಫೋನು ನೋಡಿ ಅಂಕಲ್ ಇದು ಸುಳ್ಳಂತೆ ಎಂದಿದ್ದಳು. ಹಾಗೂ ಒಂದು ವಾದ ಇದೆ ಎಂದು ಅವನು ನಕ್ಕಿದ್ದ. ಹೆಂಡತಿ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಅವಳು 'ಹಾಗೆ' ಅಂದದ್ದು ಆ ನಗುವನ್ನೇ ಇರಬಹುದೆ? ಬ್ರೆಡ್ಡು ಬಿಡಬಹುದು, ಕ್ಯಾಕರಿಸುವುದನ್ನು ಬಿಡಬಹುದು. ಆ ನಗು ಬಿಟ್ಟರೆ ತಾನು ಹೊಟ್ಟೆಗೇನು ಮಾಡುವುದು ಎಂದು ಮೆಟ್ಟಿಲು ಹತ್ತುತ್ತ ಯೋಚಿಸಿದ.

ಸಂಪಾದಕರು ಕಾಯುತ್ತಿದ್ದರು. ಅಗಲ ಮುಖದ, ಸದಾ ಗೆಲುವಿನ ಮನುಷ್ಯ. ಈ ವಾರದ ಪದ ಯಾವುದು ಎಂದು ಕೇಳಿದರು. ಸಿದ್ಧವಾಗಿದ್ದದ್ದು ನ್ಯಾಕರ್ಡ್. ಸುಸ್ತಾಗಿ ಸತ್ತೆ ಎನ್ನುವುದಕ್ಕೆ ಹೇಳುವ ಮಾತು, ದುಡಿಯಲಾರದ ಮುದಿ ಕುದುರೆಗಳನ್ನು ಕೊಂಡು ಕೊಲ್ಲುತ್ತಿದ್ದ ಕಸುಬಿನವರಿಂದ ಬಂದದ್ದು. ಅಪರೂಪಕ್ಕೆ ನಿಜವೇ ರುಚಿಯಾಗಿತ್ತು. ಅವನು ಬಾಯಿ ತೆರೆದ.

"ಇಕ್," ಎಂದ.

ಸಂಪಾದಕರು ಮೇಜು ಕುಟ್ಟಿ ನಕ್ಕರು. ಭಲೇ, ಅವರ ಮಗಳು ದಿನಕ್ಕೆ ಹತ್ತು ಸಲ ಅದನ್ನೇ ಅನ್ನುತ್ತಾಳಂತೆ, ಅವರನ್ನು ನೋಡಿಯೇ ಅನ್ನುತ್ತಾಳಂತೆ. ಅವರು ಪಂಚೆ ಎತ್ತಿ ಕಟ್ಟಿದರೆ ಇಕ್, ಹಾಡು ಗುನುಗಿದರೆ ಇಕ್. ಅದನ್ನು ಹೇಳಿಕೊಂಡು ಈ ಮನುಷ್ಯ ಹೊಟ್ಟೆ ಹಿಡಿದು ನಗುತ್ತಿದ್ದಾನಲ್ಲ ಎಂದು ಇವನಿಗೆ ಬೆರಗು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ಮೂಲ ಚೆನ್ನಾಗಿರ್ಲಿ ಕಣ್ರೀ. ಕಥೆ ಇರ್ಬೇಕು," ಎಂದರು ಸಂಪಾದಕರು.

ತನ್ನ ಮೇಜಿನಲ್ಲಿ ಕೂತು ಅವನು ಮೊದಲು ಅರ್ಥ ಬರೆಯಲು ನೋಡಿದ. ನಮ್ಮ ಮಾತಿನಲ್ಲಿ ಇದಕ್ಕೆ ಏನನ್ನಬೇಕು? ಹೇಸಿಗೆ ಎಂದರೆ ನಾತ ಬರುತ್ತದೆ, ಅದಕ್ಕೊಂದು ವಸ್ತು ಬೇಕು. ಓಕರಿಕೆ ಎಂದರೆ ಬಸುರಿಗೂ ಬರುತ್ತದೆ, ಬಸ್ಸು ಹತ್ತಿದವರಿಗೂ ಬರುತ್ತದೆ. ಅಸಹ್ಯ ಎಂದರೆ ಸಹಿಸಲಾಗದ್ದು. ಅವಳು ಸಹಿಸುತ್ತಿದ್ದಾಳಲ್ಲ. ಜುಗುಪ್ಸೆ ಎಂದು ಬರೆದು ನೋಡಿದ. ಅದು ಕಾವ್ಯದ ಪಾಠದಲ್ಲಿ ಪಾಸಾಗಲು ಕಲಿತ ಮಾತು, ಮನೆಯಲ್ಲಿ ಯಾರಿಗೂ ಜುಗುಪ್ಸೆ ಬರುವುದಿಲ್ಲ. ಮಗು ಕೊಳೆಗೆ ಕೈ ಹಾಕಿದರೆ ತಾಯಂದಿರು ಇಶ್ಶೀ ಅನ್ನುತ್ತಾರೆ. ಅದೇ ಹತ್ತಿರ. ಆದರೆ ಇಶ್ಶೀ ಅಂದ ತಾಯಿ ಮಗುವನ್ನು ಎತ್ತಿಕೊಂಡು ತೊಳೆಯುತ್ತಾಳೆ.

ಇನ್ನು ಮೂಲ. ಕಾಯಿಲೆ ಎನ್ನುವ ಅರ್ಥದ ಸಿಕ್ ಎಂಬ ಇಂಗ್ಲಿಷ್ ಮಾತನ್ನು ಮಕ್ಕಳ ಜೊತೆ ಮುದ್ದಾಗಿ ಆಡುವಾಗ ಆದ ರೂಪವೆಂದು ಕೆಲವರ ಊಹೆ. ಖಚಿತವಿಲ್ಲ. ಎಲ್ಲ ಮೂಲಗಳ ಹಣೆಬರಹವೂ ಇಷ್ಟೆ. ಆದರೆ ಈ ಒಂದು ಇಕ್ಕಿಗೆ ಮೂಲ ಇತ್ತು. ಒಂದು ದಿನ, ಒಂದು ಹೊತ್ತು, ಒಂದು ಕೋಣೆಯಲ್ಲಿ ತಾನು ಏನೋ ಮಾಡಿದ್ದೆ, ಅವಳು ನೋಡಿದ್ದಳು. ಅದು ಅವಳಿಗೆ ಗೊತ್ತು, ಅವಳ ತಂಗಿಗೂ ಗೊತ್ತು. ಪದದ ಪಂಡಿತನಿಗೆ ಇಕ್ಕಿನ ಅರ್ಥ ಗೊತ್ತು, 'ಹಾಗೆ' ಎಂಬುದರ ಅರ್ಥ ಗೊತ್ತಿಲ್ಲ. ನಾಲ್ಕು ವರ್ಷದ ಮಗುವಿಗೂ ತಿಳಿಯುವ ಮಾತದು.

ನಾದಿನಿಗೆ ಫೋನು ಮಾಡಿದ. ಅವಳು ಊಟಕ್ಕೆ ಕೂತಿದ್ದಳೇನೋ, ಬಾಯಿ ತುಂಬಿತ್ತು.

"ಏನು ಭಾವ, ಅಪರೂಪಕ್ಕೆ?"

ಅಂಕಣಕ್ಕೆ ಬೇಕಾಗಿತ್ತು ಎಂದ. ಈಗಿನವರು ಒಂದು ಮಾತು ಬಳಸುತ್ತಾರಲ್ಲ, ಇಕ್ ಅಂತ, ಅದನ್ನು ನಿಜವಾಗಿ ಯಾವಾಗ ಯಾವಾಗ ಹೇಳುತ್ತಾರೆ, ಒಂದು ಉದಾಹರಣೆ ಕೊಟ್ಟರೆ ಅನುಕೂಲ ಎಂದ. ದನಿಯಲ್ಲಿ ನಗು ಬೆರೆಸಿದ್ದ. ಆ ಕಡೆ ಅಗಿಯುವುದು ನಿಂತಿತು.

"ಅದಾ? ಅದೇನೂ ಅಷ್ಟು ಸೀರಿಯಸ್ ಪದ ಅಲ್ಲ ಭಾವ."

"ಉದಾಹರಣೆಗೆ?"

"ಸುಮ್ನೆ ತಮಾಷೆಗೆ ಅಂತಾರೆ. ಯಾರ್ಯಾರಿಗೋ ಅಂತಾರೆ." ತುತ್ತು ನುಂಗಿದಳು. "ಅಕ್ಕ ಏನಾದ್ರೂ ಅಂದ್ಲಾ?"

"ಇಲ್ಲಪ್ಪ. ಅವಳ್ಯಾಕೆ ಅಂತಾಳೆ?"

"ಅಲ್ವಾ," ಎಂದಳು. ಅಮ್ಮನ ಮಂಡಿ ಹೇಗಿದೆ ಎಂದು ಅವಳು ಕೇಳಿದಳು, ಹಾಗೇ ಇದೆ ಎಂದು ಅವನು ಹೇಳಿದ. ಬಾಯಿಬಿಟ್ಟರೆ ಬಣ್ಣಗೇಡು ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡು ಫೋನಿಟ್ಟರು.

ಅವನು ಎದ್ದು ಕಚೇರಿಯ ಶೌಚಾಲಯಕ್ಕೆ ಹೋದ. ಕನ್ನಡಿಯ ಮುಂದೆ ನಿಂತು ಬಾಗಿಲ ಕಡೆ ಕಿವಿಗೊಟ್ಟ. ಯಾರೂ ಇರಲಿಲ್ಲ. ಮೊದಲು ನಕ್ಕ, ನೆಂಟರ ಮುಂದೆ ನಗುವ ನಗು. ಮೇಲ್ದುಟಿ ಒಂದು ಕಡೆ ಮಾತ್ರ ಎತ್ತಿತು, ಒಸಡು ಕಂಡಿತು. ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಇಲ್ಲದ ಹಾಳೆ ಮಗುಚಿದ. ಪಾಠ ಹೇಳುವವನಂತೆ ತೋರುಬೆರಳೆತ್ತಿ 'ಇದರ ಮೂಲ ಏನಂದ್ರೆ' ಎಂದ. ಅನ್ನುವಾಗ ಕತ್ತಿನ ನರ ಉಬ್ಬಿ, ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಬಾಯಿಯ ಎರಡು ಕೊನೆಗೂ ಬಿಳಿಯ ಎಂಜಲು ಸೇರಿತ್ತು. ನಿದ್ದೆಯಲ್ಲಿ ಬಾಯಿ ತೆರೆದು ಮಲಗುವುದನ್ನೂ ಮಾಡಿ ನೋಡಿದ, ಅರೆಗಣ್ಣು ಬಿಟ್ಟುಕೊಂಡು.

ಹೊಟ್ಟೆಯೊಳಗಿಂದ ನಿಜವಾಗಿಯೂ ಏನೋ ಎದ್ದು ಬಂತು. ಇಷ್ಟು ವರ್ಷ ಈ ಮುಖ ಅವಳ ಮುಖದ ಪಕ್ಕದ ದಿಂಬಿನಲ್ಲಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ, ಮುಖದ ಹುಣ್ಣಿಗೆ ಬೇಕಾಗುತ್ತದೆ. ಯಾವುದು ಎಂದು ಹುಡುಕಲು ಬಂದವನಿಗೆ ಯಾವುದಲ್ಲ ಎಂದು ಕೇಳಬೇಕಾಗಿ ಬಂದಿತ್ತು.

ಬಾಗಿಲು ತೆರೆದು ಪುಟ ಜೋಡಿಸುವವನು ಒಳಬಂದ. ಬಾಯಿ ತೆರೆದುಕೊಂಡು ಕನ್ನಡಿ ನೋಡುತ್ತಿದ್ದವನನ್ನು ಕಂಡು ನಿಂತ.

"ಏನಪ್ಪ ಮೂಲವ್ಯಾಧಿ, ಮೇಲಕ್ಕೂ ಬಂತಾ?"

"ಹಲ್ಲು," ಎಂದು ಅವನು ಹೊರಬಂದ.

ಅಂಕಣ ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸುಳ್ಳಿಗೆ ಅವನ ಕೈ ಪಳಗಿತ್ತು. ಎಲ್ಲೋ ಒಂದು ಬಂದರು, ಹಡಗಿನವನೊಬ್ಬ. ಬಹಳ ಕಾಲದ ಮೇಲೆ ಮನೆಗೆ ಬಂದಿದ್ದಾನೆ. ಹೆಂಡತಿ ದಿನಾ ದಾರಿ ಕಾದವಳು, ಬಿಸಿ ಸಾರು ಮುಂದಿಟ್ಟಿದ್ದಾಳೆ. ಅವನು ಬಟ್ಟಲೆತ್ತಿ ಕುಡಿಯುತ್ತಾನೆ. ಕುಡಿಯುವಾಗ ಅವನ ಗಂಟಲಲ್ಲಿ ಒಂದು ಸದ್ದು ಬರುತ್ತದೆ, ಇಕ್. ಹಡಗಿಗೆ ಹೋಗುವ ಮುಂಚೆಯೂ ಬರುತ್ತಿತ್ತು, ಅವಳು ಕೇಳಿಸಿಕೊಂಡಿರಲಿಲ್ಲ. ಈಗ ಕೇಳಿತು. ಅವಳು ಎದ್ದು ಬಾಗಿಲಿಗೆ ಹೋಗಿ ಸಮುದ್ರದ ಕಡೆ ನೋಡುತ್ತ ನಿಂತಳು. ಅಂದಿನಿಂದ ಆ ಊರಿನ ಹೆಂಗಸರು ಅದಕ್ಕೆ ಇಕ್ ಎನ್ನತೊಡಗಿದರು. ಇಷ್ಟನ್ನೂ ಶುದ್ಧ ಹಸಿ ಸುಳ್ಳೆಂದು ಬಲ್ಲವನು ಅವನೊಬ್ಬನೇ. ಆದರೂ ಬರೆದು ಮುಗಿಸಿದವನು ಅದನ್ನು ಎರಡು ಸಲ ಓದಿಕೊಂಡ.

ಸಂಪಾದಕರು ಓದಿ ಮೂಗು ಮುರಿದರು. ಚೆನ್ನಾಗಿದೆ, ಆದರೆ ಭಾರವಾಯಿತು ಎಂದರು. ಗಂಡ ಹೆಂಡತಿ ಸೇರಿ ಓದುವ ಪತ್ರಿಕೆ ಇದು, ಭಾನುವಾರ ಬೆಳಿಗ್ಗೆ ಇಂಥದ್ದು ಯಾಕೆ?

"ಹೆಂಡ್ತಿ ಬೇಡ. ಬೆಕ್ಕು ಹಾಕಿ," ಎಂದರು.

ಅವನು ಹೆಂಡತಿಯನ್ನು ತೆಗೆದು ಬೆಕ್ಕು ಹಾಕಿದ. ಹಡಗಿನಲ್ಲಿದ್ದ ಬೆಕ್ಕು ಇಕ್ ಇಕ್ ಎಂದು ಕೂದಲುಂಡೆ ಕಕ್ಕಿತು, ನೋಡಿದ ನಾವಿಕರು ನಕ್ಕರು, ಪದ ಹುಟ್ಟಿತು. ಸಂಪಾದಕರು ಮತ್ತೆ ಮೇಜು ಕುಟ್ಟಿದರು.

ಸಂಜೆ ಕಚೇರಿ ಬಿಟ್ಟವನು ಮನೆಯ ಬಸ್ಸು ಹತ್ತಲಿಲ್ಲ. ಋಷಿಮೂಲ ನದೀಮೂಲ ಕೇಳಬಾರದು ಎನ್ನುತ್ತಾರೆ. ಕೇಳದೆ ಇನ್ನೊಂದು ಊಟಕ್ಕೆ ಅವಳೆದುರು ಕೂರುವುದು ಅವನಿಂದ ಆಗದು. ಯಾವ ತುತ್ತು ಅವಳ ಕಣ್ಣಿಗೆ ಬೀಳುತ್ತದೋ ಎಂದು ಇನ್ನು ಜನ್ಮವಿಡೀ ಅಂಜುತ್ತ ಅಗಿಯಬೇಕು. ಕೇಳಿಬಿಟ್ಟರೆ ಎರಡರಲ್ಲೊಂದು. ಅವಳು ಅದು ಇಂಥದ್ದು ಎಂದು ಹೇಳಿದರೆ ಅದನ್ನು ಬಿಟ್ಟುಬಿಡಬಹುದು, ಅವಳು ಮತ್ತೆ ಅವನ ಹೆಂಡತಿಯಾಗಬಹುದು. ಹೇಳದಿದ್ದರೆ, ಅಲ್ಲಿಂದ ಮುಂದಕ್ಕೆ ಅವನ ಯೋಚನೆ ಹೋಗಲಿಲ್ಲ. ಅಷ್ಟರಲ್ಲಿ ಅವಳ ಕನ್ನಡಕದ ಅಂಗಡಿಯ ಮುಂದೆ ನಿಂತಿದ್ದ.

ಒಳಗಿನ ಪರೀಕ್ಷೆಯ ಕೋಣೆಗೆ ಗಾಜಿನ ಬಾಗಿಲು. ಕುರ್ಚಿಯಲ್ಲಿ ಮುದುಕನೊಬ್ಬ ಕೂತಿದ್ದ. ಅವಳು ಅವನ ಮೇಲೆ ಬಗ್ಗಿ ಕಣ್ಣಿಗೆ ದೀಪ ಹಿಡಿದಿದ್ದಳು. ಮುಖಕ್ಕೆ ಮುಖ ಗೇಣು ದೂರವಿಲ್ಲ. ಮುದುಕ ಏನೋ ಹೇಳಿದ, ಹೇಳುತ್ತಲೇ ಕೆಮ್ಮಿದ, ಕೈ ಅಡ್ಡ ಹಿಡಿಯಲೂ ಇಲ್ಲ. ಅವಳು ಹಿಂದೆ ಸರಿಯದೆ ನಗುತ್ತ ಉತ್ತರ ಕೊಡುತ್ತಿದ್ದಳು. ಅವಳು ಅಷ್ಟು ಮಾತಾಡುವವಳೆಂಬುದು ಅವನಿಗೆ ಮರೆತೇಹೋಗಿತ್ತು. ಮುದುಕ ಹೋಗುವಾಗ ಬರ್ತೀನಮ್ಮ ಎಂದು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಅಲ್ಲಾಡಿಸಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಏನ್ರೀ, ಇಲ್ಲಿ?"

"ಕಣ್ಣು. ಅಕ್ಷರ ಮಂಜಾಗ್ತಿದೆ."

ಅವಳು ಕುರ್ಚಿ ತೋರಿಸಿದಳು. ಅವನ ಕನ್ನಡಕ ತೆಗೆಸಿ ಯಂತ್ರಕ್ಕೆ ಗದ್ದ ಇಡಿಸಿದಳು, ಹಣೆ ಒತ್ತಲು ಹೇಳಿದಳು. ಒಳಗೆ ಒಂದು ಸಣ್ಣ ಚಿತ್ರ ಮಸಕಾಗಿ, ಸ್ಪಷ್ಟವಾಗಿ, ಮತ್ತೆ ಮಸಕಾಯಿತು.

"ಏನೂ ಬದಲಾಗಿಲ್ಲ. ಇದೇ ಕನ್ನಡಕ ಸಾಕು ನಿಮಗೆ."

"ಇಲ್ಲ. ಕಾಣ್ತಿಲ್ಲ."

ಅವಳು ಅವನನ್ನು ಒಂದು ಕ್ಷಣ ನೋಡಿದಳು. ದೀಪ ಆರಿಸಿದಳು. ಎದುರು ಗೋಡೆಯಲ್ಲಿ ಅಕ್ಷರಗಳ ಹಲಗೆ ಬೆಳಗಿತು, ಮೇಲೊಂದು ದೊಡ್ಡದು, ಕೆಳಗೆ ಕೆಳಗೆ ಸಣ್ಣವು. ಯಾವ ಸಾಲೂ ಒಂದು ಪದವಾಗಿರಲಿಲ್ಲ. ಗಾಜು ಹಾಕಿ ತೆಗೆಯುವ ಭಾರದ ಫ್ರೇಮನ್ನು ಅವನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಸರಿಮಾಡಿದಳು. ಬೆರಳು ತಣ್ಣಗಿತ್ತು.

"ಅಮ್ಮ ಒಂದು ಮಾತು ಕೇಳಿಸ್ಕೊಂಡ್ಲಂತೆ," ಎಂದ. ಕತ್ತಲೆಯಲ್ಲಿ ಹೇಳುವುದು ಸುಲಭವಾಗಿತ್ತು. "ನೀನು ಫೋನಲ್ಲಿ ಅಂದದ್ದು."

"ಯಾವ ಮಾತು?"

"ಇಕ್."

ಗಾಜೊಂದು ಟಕ್ ಎಂದು ಫ್ರೇಮಿನಲ್ಲಿ ಕೂತಿತು. "ಈಗ ಹೇಗಿದೆ?"

"ಅವರು ಹಾಗೆ ಮಾಡೋದು ನೋಡಿದ್ರೆ, ಅಂದ್ಯಂತೆ."

"ಇಲ್ಲಿಗೆ ದಿನಾ ಎಷ್ಟು ಜನ ಬರ್ತಾರೆ. ಎಲ್ರೂ ಅವರೇ," ಎಂದಳು. "ಯಾರೋ ಒಬ್ರು ಕನ್ನಡಕಕ್ಕೆ ಎಂಜಲು ಹಚ್ಚಿ ಒರೆಸ್ತಾ ಇದ್ರು. ಅದನ್ನ ಹೇಳಿರ್ಬೇಕು."

ಎಂಜಲು. ಅವನು ಎಂದೂ ಕನ್ನಡಕಕ್ಕೆ ಎಂಜಲು ಹಚ್ಚಿದವನಲ್ಲ. ಬಾಯಿಂದ ಹಬೆ ಬಿಟ್ಟು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಎಂಜಲು ಇಲ್ಲ, ಇಲ್ಲವೇ ಇಲ್ಲ. ಎಷ್ಟೊಂದು ಅವರುಗಳು! ಅಮ್ಮನ ಕಿವಿ, ನಲ್ಲಿಯ ನೀರು, ತನ್ನ ಹಾಳು ಪಾಂಡಿತ್ಯ. ಅವನಿಗೆ ಎದ್ದು ಅವಳ ಭುಜ ಹಿಡಿದು ನಗಬೇಕೆನಿಸಿತು. ನಿಜಕ್ಕೂ ಸುಖವಾಯಿತು.

"ಇನ್ನೊಂದು ಹಾಕ್ತೀನಿ," ಎಂದು ಅವಳು ಬಗ್ಗಿದಳು.

ಆಗ ಕೇಳಿತು. ಕೇಳಲಿಲ್ಲ ಎನ್ನಬೇಕು. ಅವಳ ಮುಖ ಅವನ ಮುಖದ ಹತ್ತಿರ ಬರುತ್ತಿದ್ದಂತೆ ಅವಳ ಉಸಿರು ನಿಂತಿತು. ಗಾಜು ಕೂತು, ಬೆರಳು ಸರಿದು, ಅವಳು ಕುರ್ಚಿಯಿಂದ ಹಿಂದೆ ಸರಿದ ಮೇಲೆ ಉಸಿರು ನಿಧಾನಕ್ಕೆ ಹೊರಬಿತ್ತು. ಬಾವಿಯಲ್ಲಿ ಮುಳುಗಿ ಮೇಲೆ ಬಂದವರು ಬಿಡುವ ಹಾಗೆ.

"ಈಗ?"

"ಮಂಜು."

ಮತ್ತೆ ಬಗ್ಗಿದಳು. ಮತ್ತೆ ನಿಂತಿತು. ಉಸಿರನ್ನು ಎಷ್ಟು ಅಭ್ಯಾಸದಿಂದ ಹಿಡಿಯುತ್ತಿದ್ದಳೆಂದರೆ ಅವಳಿಗೇ ಗೊತ್ತಿರಲಿಕ್ಕಿಲ್ಲ. ಇದು ನಿನ್ನೆ ಕಲಿತದ್ದಲ್ಲ. ಕೆಮ್ಮುವ ಮುದುಕನ ಬಾಯಿಯೆದುರು ನಗುತ್ತ ಉಸಿರಾಡಿದವಳು ಇವಳೇ. 'ಹಾಗೆ' ಎಂದರೆ ನಗುವಲ್ಲ, ಬ್ರೆಡ್ಡಲ್ಲ, ಹೆಬ್ಬೆರಳ ಎಂಜಲಲ್ಲ. ಬಿಡಲು ಏನೂ ಇರಲಿಲ್ಲ. ಅವನು ಸುಮ್ಮನೆ ಕೂತು ಉಸಿರಾಡುತ್ತಿದ್ದ, ಅದೇ 'ಹಾಗೆ'.

"ಯಾವಾಗಿಂದ?" ಎಂದ.

ಅವಳು ಕೈಯಲ್ಲಿದ್ದ ಗಾಜನ್ನು ಒರೆಸಿದಳು. "ಹೇಳೋಕಾಗಲ್ಲ. ಇಂಥದ್ದೆಲ್ಲ ನಿಧಾನಕ್ಕೆ ಬರುತ್ತೆ."

"ಹೋಗಲ್ವಾ?"

"ಕಣ್ಣು ತಾನೆ ನೀವು ಕೇಳ್ತಿರೋದು?"

"ಹೌದು."

"ಹೋಗಲ್ಲ. ಹೊಂದ್ಕೊಂಡು ಹೋಗ್ಬೇಕು." ಕತ್ತಲೆಯಲ್ಲಿ ಗಾಜುಗಳ ಪೆಟ್ಟಿಗೆ ಸದ್ದು ಮಾಡಿತು. "ಕೆಳಗಿನ ಸಾಲು ಓದಿ."

ಕೆಳಗಿನ ಸಾಲು ಅವನಿಗೆ ಸೂಜಿಯಿಂದ ಚುಚ್ಚಿದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಹಲಗೆಯ ಬೆಳಕು ಅವಳ ಮುಖದ ಮೇಲೂ ಬಿದ್ದಿತ್ತು. ಬಗ್ಗುವ ಮುಂಚೆ ಅವಳ ತುಟಿ ಬಿಗಿಯುವುದು, ಮೂಗಿನ ಹೊಳ್ಳೆ ಸಣ್ಣದಾಗುವುದು, ಅದೂ ಕಾಣುತ್ತಿತ್ತು.

"ಓದೋಕಾಗ್ತಿಲ್ಲ," ಎಂದ.

ಅವಳು ದಪ್ಪ ಗಾಜು ಹಾಕಿದಳು. ಸಾಲುಗಳು ಕದಡಿದವು. ಇನ್ನೂ ಮಂಜು ಎಂದ. ಅವಳು ಇನ್ನೂ ದಪ್ಪದ್ದು ಹಾಕಿದಳು. ಯಂತ್ರ ಹೇಳಿದ್ದು ಅವಳಿಗೆ ಗೊತ್ತಿತ್ತು, ಅವನು ಹೇಳುತ್ತಿರುವುದು ಸುಳ್ಳೆಂದೂ ಗೊತ್ತಿರಲೇಬೇಕು. ಆದರೂ ಒಂದರ ಮೇಲೊಂದು ಹಾಕುತ್ತ ಹೋದಳು. ಅವನು ಇನ್ನೂ, ಇನ್ನೂ ಎನ್ನುತ್ತ ಹೋದ. ಮೇಲಿನ ದೊಡ್ಡ ಅಕ್ಷರವೂ ಕರಗಿತು. ಹಲಗೆ ಬರಿಯ ಬೆಳಕಾಯಿತು.

"ಈಗ?"

ಅವನು ಅವಳ ಕಡೆ ತಿರುಗಿದ. ಬಿಳಿಯ ಕೋಟಿನ ಮೇಲೆ, ಮುಖವಿರಬೇಕಾದಲ್ಲಿ, ಒಂದು ಕಂದು ಮಚ್ಚೆ ಇತ್ತು. ಅದಕ್ಕೆ ತುಟಿಯಿರಲಿಲ್ಲ, ಮೂಗಿರಲಿಲ್ಲ.

"ಈಗ ಸರಿಯಾಗಿದೆ," ಎಂದ.

"ಇದನ್ನೇ ಬರೀಲಾ?"

"ಬರಿ."

ಪೆನ್ನು ಕಾಗದದ ಮೇಲೆ ಓಡುವುದು ಕೇಳಿಸಿತು. ಹೊಸದರಲ್ಲಿ ಎಡವೋ ಹಾಗಾಗುತ್ತೆ, ಮೆಟ್ಟಿಲಿಳಿಯೋವಾಗ ಹುಷಾರು, ಎಂದಳು. ದನಿಯಲ್ಲಿ ಕಾಳಜಿ ಇತ್ತು. ಅವನು ಆ ಮಚ್ಚೆಯ ಕಡೆ ನೋಡಿ, ಬಾಯಿ ಹಿಗ್ಗಿಸಿ, ಒಸಡು ಕಾಣುವಷ್ಟು ನಕ್ಕ. ಅದು ಅವಳ ಮುಖವೋ ಹಿಂದಲೆಯೋ ಅವನಿಗೆ ತಿಳಿಯಲಿಲ್ಲ.